ಬಿಡುಗಡೆ ಬೇರೆ, ಕುರ್ಚಿ ಬೇರೆ: ಉತ್ತರ ಐರ್ಲೆಂಡಿನ 2013ರ ಸಲಹೆಗಾರರ ಕಾಯಿದೆ ಬಗ್ಗೆ ಚರ್ಚೆ

ತುಂಗಾತೀರ (ಚರ್ಚೆ ಆರಂಭ)

ಮೊದಲು ಒಂದು ಪದದ ಗೊಂದಲ ಬಿಡಿಸಿಕೊಳ್ಳೋಣ. ನಮ್ಮಲ್ಲಿ ಅರೆಸೇನಾ ಪಡೆ ಅಂದರೆ ಸಿಆರ್‌ಪಿಎಫ್, ಬಿಎಸ್‌ಎಫ್. ಉತ್ತರ ಐರ್ಲೆಂಡಿನಲ್ಲಿ ಆ ಹೆಸರು ಸರ್ಕಾರದ ಪಡೆಗಳಿಗಲ್ಲ, ಐರ್ಲೆಂಡ್ ಒಂದಾಗಬೇಕೆನ್ನುವ ಐಆರ್‌ಎ, ಬ್ರಿಟನ್ ಜೊತೆಗೇ ಇರಬೇಕೆನ್ನುವ ಯುವಿಎಫ್, ಯುಡಿಎಯಂಥ ಕಾನೂನುಬಾಹಿರ ಬಂದೂಕು ಗುಂಪುಗಳಿಗೆ. ಈ ಚರ್ಚೆಯಲ್ಲಿ 'ಮಾಜಿ ಕೈದಿ' ಅಂದಾಗಲೆಲ್ಲ ಆ ಗುಂಪುಗಳ ಕೆಲಸಕ್ಕಾಗಿ ಜೈಲಿಗೆ ಹೋಗಿ ಬಂದವರು ಅಂತಲೇ ಓದಿಕೊಳ್ಳಿ.

ಪ್ರಕರಣ ಇದು. 1984ರ ಏಪ್ರಿಲ್ 8, ಭಾನುವಾರ. ದಕ್ಷಿಣ ಬೆಲ್‌ಫಾಸ್ಟ್‌ನ ಸೇಂಟ್ ಬ್ರಿಜಿಡ್ ಚರ್ಚಿನಲ್ಲಿ ಪೂಜೆ ಮುಗಿಸಿ ಮ್ಯಾಜಿಸ್ಟ್ರೇಟ್ ಟಾಮ್ ಟ್ರಾವರ್ಸ್ ಮನೆಯವರ ಜೊತೆ ನಡೆದು ಬರುತ್ತಿದ್ದರು. ಐಆರ್‌ಎ ಬಂದೂಕುಧಾರಿಗಳು ಅವರಿಗೆ ಆರು ಗುಂಡು ಹೊಡೆದರು. ಅವರು ಬದುಕಿದರು, 22 ವರ್ಷದ ಮಗಳು, ಶಿಕ್ಷಕಿ ಮೇರಿ, ಸತ್ತಳು. ಬಂದೂಕುಗಳನ್ನು ಬಟ್ಟೆಯೊಳಗೆ ಅಡಗಿಸಿಕೊಂಡು ಹೋಗುತ್ತಿದ್ದ ಮೇರಿ ಮಕಾರ್ಡಲ್ ಸಿಕ್ಕಿಬಿದ್ದು, ಕೊಲೆಗೆ ಜೀವಾವಧಿ ಶಿಕ್ಷೆಯಾಯಿತು. ದಶಕಗಳ ಸಂಘರ್ಷ ಮುಗಿಸಿದ 1998ರ ಗುಡ್ ಫ್ರೈಡೇ ಒಪ್ಪಂದದಡಿ ಆಕೆಗೆ ಕ್ಷಮಾದಾನ ಸಿಕ್ಕಿತು. 2011ರ ಮೇ ತಿಂಗಳಲ್ಲಿ ಸಂಸ್ಕೃತಿ ಸಚಿವೆ ಕರಾಲ್ ನೀ ಖೂಲಿನ್ ಅದೇ ಮಕಾರ್ಡಲ್ ಅವರನ್ನು ತಮ್ಮ ವಿಶೇಷ ಸಲಹೆಗಾರ್ತಿಯಾಗಿ ತೆಗೆದುಕೊಂಡರು. ಸತ್ತವಳ ತಂಗಿ ಆನ್ ಟ್ರಾವರ್ಸ್‌ಗೆ ವಿಷಯ ಗೊತ್ತಾದದ್ದು ಮಾಧ್ಯಮದಿಂದ.

ಇದರಿಂದ ಹುಟ್ಟಿದ್ದೇ 2013ರ ಕಾಯಿದೆ, ದೊಡ್ಡ ಜೈಲು ಶಿಕ್ಷೆಯಾದವರು ಸಚಿವರ ಸಲಹೆಗಾರರಾಗದಂತೆ ತಡೆಯುವಂಥದ್ದು. ಅದು ಏನು ಮಾಡುತ್ತದೆ, ಎಲ್ಲಿ ಎಡವುತ್ತದೆ, ಸಂತ್ರಸ್ತರ ಹಕ್ಕು ಅನ್ನುವುದು ಕಾಗದದ ಮೇಲೆ ನಿಜಕ್ಕೂ ಎಷ್ಟಿದೆ, ಈ ಮೂರನ್ನು ಬಲ್ಲವರು ಬಿಡಿಸಿ ಹೇಳಬೇಕು. 'ಭಯೋತ್ಪಾದಕರೋ ಸ್ವಾತಂತ್ರ್ಯ ಹೋರಾಟಗಾರರೋ' ಎಂಬ ಜಗಳ ಇಲ್ಲಿ ಬೇಡ.

ಕರಡುಪ್ರತಿ

ತುಂಗಾತೀರ ಅವರೇ, ಬುಡದಲ್ಲೇ ಒಂದು ತಿದ್ದುಪಡಿ. ಕ್ಷಮಾದಾನ ಅಲ್ಲ. ಅರ್ಧ ಜಗಳ ಹುಟ್ಟುವುದೇ ಈ ಪದದಿಂದ.

1998ರ ಏಪ್ರಿಲ್ 10ರ ಒಪ್ಪಂದದ ಬೆನ್ನಿಗೆ ಬ್ರಿಟಿಷ್ ಸಂಸತ್ತು ನಾರ್ದರ್ನ್ ಐರ್ಲೆಂಡ್ (ಸೆಂಟೆನ್ಸಸ್) ಕಾಯಿದೆ ಮಾಡಿತು. ಕೈದಿ ತಾನಾಗಿ ಒಂದು ಆಯೋಗಕ್ಕೆ ಅರ್ಜಿ ಹಾಕಬೇಕು. ಅಪರಾಧ 1998ರ ಏಪ್ರಿಲ್ 10ಕ್ಕೆ ಮುಂಚಿನದಾಗಿರಬೇಕು. ಶಿಕ್ಷೆ ಕನಿಷ್ಠ ಐದು ವರ್ಷದ್ದಿರಬೇಕು. ಕದನವಿರಾಮ ಒಪ್ಪದ ಗುಂಪುಗಳ ಪಟ್ಟಿಯೊಂದಿತ್ತು, ಅರ್ಜಿದಾರ ಅವುಗಳ ಬೆಂಬಲಿಗನಾಗಿರಬಾರದು, ಹೊರಬಂದು ಅಂಥ ಗುಂಪಿಗೆ ಸೇರುವ ಸಂಭವವೂ ಇರಬಾರದು. ಜೀವಾವಧಿ ಕೈದಿಯಾದರೆ ಸಾರ್ವಜನಿಕರಿಗೆ ಅಪಾಯವಿಲ್ಲ ಅಂತ ಆಯೋಗಕ್ಕೆ ಮನವರಿಕೆಯಾಗಬೇಕು. ನಿಗದಿತ ಅವಧಿಯ ಶಿಕ್ಷೆಯಾದರೆ ಮೂರನೇ ಒಂದು ಭಾಗ ಮುಗಿದಾಗ ಬಿಡುಗಡೆ. ಎರಡು ವರ್ಷ ಕಳೆದ ಮೇಲೆ, ಅಂದರೆ 2000ದ ಜುಲೈ ಹೊತ್ತಿಗೆ, ಅರ್ಹರಾದ ಉಳಿದವರೂ ಹೊರಗೆ. ಆ ವೇಳೆಗೆ ಹೀಗೆ ಬಂದವರು 428 ಜನ.

ಎಲ್ಲರೂ ಬಂದದ್ದು ಲೈಸೆನ್ಸ್ ಮೇಲೆ. ನಮ್ಮ ಪೆರೋಲ್‌ಗೆ ಹತ್ತಿರದ್ದು, ಆದರೆ ವಾಪಸ್ ಹೋಗುವ ತಾರೀಖಿಲ್ಲ. ಷರತ್ತು ಮುರಿದರೆ ಮತ್ತೆ ಒಳಗೆ. ಇದು ಬಾಯಿಮಾತಲ್ಲ: ಯುಡಿಎಯ ಜಾನಿ ಅಡೇರ್‌ನನ್ನು 2000ದ ಆಗಸ್ಟ್‌ನಲ್ಲಿ ವಾಪಸ್ ಜೈಲಿಗೆ ಹಾಕಿದರು. ಐಆರ್‌ಎಯ 1993ರ ಶಾಂಕಿಲ್ ರಸ್ತೆ ಬಾಂಬಿನ ಪ್ರಕರಣದ ಶಾನ್ ಕೆಲ್ಲಿಯನ್ನು 2005ರ ಜೂನ್‌ನಲ್ಲಿ ಒಳಗೆ ಹಾಕಿ ಜುಲೈನಲ್ಲಿ ಬಿಟ್ಟರು, ಐಆರ್‌ಎ ಶಸ್ತ್ರ ಹೋರಾಟ ಮುಗಿಯಿತು ಅಂತ ಘೋಷಿಸುವ ಮುನ್ನಾದಿನ.

ಅಂದರೆ ಶಿಕ್ಷೆಯ ಉಳಿದ ಭಾಗ ತಡೆಯಾಯಿತು, ಅಪರಾಧಿ ಎಂಬ ತೀರ್ಪು ಹಾಗೇ ಉಳಿಯಿತು. ಅದರ ಮೇಲೆ 1978ರ ಅಪರಾಧಿಗಳ ಪುನರ್ವಸತಿ ಆದೇಶ ಇದೆ. 30 ತಿಂಗಳಿಗಿಂತ ಹೆಚ್ಚಿನ ಶಿಕ್ಷೆ ಎಷ್ಟು ವರ್ಷ ಕಳೆದರೂ 'ಮುಗಿದ ಕಥೆ' ಆಗುವುದಿಲ್ಲ ಅಂತ ಅದು ಹೇಳುತ್ತದೆ. ಜೈಲಿನ ಗೇಟು ತೆರೆಯಿತು, ಆದರೆ ಮುಂದೆ ಯಾವ ಯಾವ ಬಾಗಿಲು ತೆರೆದಿವೆ ಅಂತ ಒಪ್ಪಂದ ಹೇಳಲಿಲ್ಲ. ಕೈದಿಗಳು ಸಮಾಜಕ್ಕೆ ಮರಳಲು ಉದ್ಯೋಗ, ತರಬೇತಿಯ ನೆರವು ಕೊಡುವುದು ಮುಖ್ಯ ಅಂತ ಒಂದು ಸಾಲು, ಸಂತ್ರಸ್ತರಿಗೆ ನೆನಪಿಟ್ಟುಕೊಳ್ಳುವ ಹಕ್ಕಿದೆ ಅಂತ ಇನ್ನೊಂದು ಕಡೆ ಒಂದು ಸಾಲು. ಎರಡೂ ಒಂದೇ ದಸ್ತಾವೇಜಿನಲ್ಲಿ. ಎರಡೂ ಎದುರಾಬದುರಾ ನಿಂತಾಗ ಯಾವುದು ಗೆಲ್ಲಬೇಕು ಅನ್ನುವುದು ಎಲ್ಲೂ ಇಲ್ಲ.

ಹುಬ್ಬಳ್ಳಿ ಹೈದ

ಅಲ್ರೀ, ನನಗ ಒಂದ್ ತಿಳೀವಲ್ದು. ಆ ಸಚಿವೆ ಕರಾಲ್ ನೀ ಖೂಲಿನ್ ಅವರ ಸ್ವತಃ ಐಆರ್‌ಎ ಕೈದಿ ಆಗಿದ್ದವರು. ಮಂತ್ರಿ ಕುರ್ಚಿಗೆ ಅಡ್ಡಿ ಇಲ್ಲ, ಬಾಜೂ ಕುರ್ಚಿ ಸಲಹೆಗಾರಗ ಅಡ್ಡಿ ಅಂದ್ರ ಇದೇನ್ ಲೆಕ್ಕ ರೀ?

ಕರಡುಪ್ರತಿ

ಲೆಕ್ಕ ಇದೆ, ಹೈದ ಅವರೇ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು.

ಚುನಾವಣೆಗೆ ನಿಲ್ಲುವ ನಿಯಮ ಬೇರೆ ಕಾನೂನಿನದು. 1981ರಲ್ಲಿ ಐಆರ್‌ಎ ಕೈದಿ ಬಾಬಿ ಸ್ಯಾಂಡ್ಸ್ ಜೈಲಿನೊಳಗಿಂದಲೇ ಬ್ರಿಟಿಷ್ ಸಂಸತ್ತಿಗೆ ಗೆದ್ದು, ಉಪವಾಸದಲ್ಲಿ ಸತ್ತ ಮೇಲೆ ಸಂಸತ್ತು ಗಡಿಬಿಡಿಯಲ್ಲಿ ಒಂದು ಕಾಯಿದೆ ತಂದಿತು. ಒಂದು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆ ಅನುಭವಿಸುತ್ತಾ ಒಳಗಿರುವವನು ನಿಲ್ಲುವಂತಿಲ್ಲ. 'ಒಳಗಿರುವವನು' ಅನ್ನುವುದೇ ಅಲ್ಲಿ ಕೀಲಿ. ಹೊರಬಂದ ದಿನದಿಂದ ನಿಲ್ಲಬಹುದು. ನಮ್ಮ ಪ್ರಜಾಪ್ರತಿನಿಧಿ ಕಾಯಿದೆಯ 8ನೇ ಕಲಮಿನಲ್ಲಿರುವ ಹಾಗೆ ಬಿಡುಗಡೆಯ ನಂತರ ಆರು ವರ್ಷ ಕಾಯುವುದು ಅಲ್ಲಿಲ್ಲ.

ಹಾಗಾಗಿ 1973ರ ಲಂಡನ್ ಓಲ್ಡ್ ಬೇಲಿ ಬಾಂಬಿಗೆ ಜೀವಾವಧಿ ಶಿಕ್ಷೆಯಾದ, 1983ರಲ್ಲಿ ಮೇಜ಼್ ಜೈಲಿನಿಂದ ತಪ್ಪಿಸಿಕೊಂಡವರಲ್ಲಿ ಒಬ್ಬರಾದ ಗೆರಿ ಕೆಲ್ಲಿ 2007ರಿಂದ 2011ರವರೆಗೆ ಕಿರಿಯ ಸಚಿವರಾಗಿದ್ದರು. ಎದುರು ಬಣದಲ್ಲೂ ಹಾಗೇ. ಸ್ಫೋಟಕದೊಂದಿಗೆ 1974ರಲ್ಲಿ ಸಿಕ್ಕಿಬಿದ್ದಿದ್ದ ಯುವಿಎಫ್‌ನ ಡೇವಿಡ್ ಅರ್ವಿನ್ 1998ರಲ್ಲಿ ಶಾಸಕರಾದರು, ಶಾಂತಿ ಒಪ್ಪಂದ ನಿಂತದ್ದರಲ್ಲಿ ಅವರ ಪಾಲು ಸಣ್ಣದಲ್ಲ.

ಇವರನ್ನು ಸಮರ್ಥಿಸುವವರ ವಾದ ಒಂದೇ: ಮತದಾರ ನೋಡಿ ಆರಿಸಿದ್ದಾನೆ, ಬೇಡವಾದರೆ ಇಳಿಸುತ್ತಾನೆ. ಸಲಹೆಗಾರನನ್ನು ಆರಿಸಿದವರು ಯಾರು?

ನೀಲಿಶಾಯಿ

ಆ ಪ್ರಶ್ನೆಗೆ ಕಚೇರಿ ಕಡೆಯಿಂದ ಉತ್ತರ. ವಿಶೇಷ ಸಲಹೆಗಾರ, ಅಲ್ಲಿನವರ ಬಾಯಲ್ಲಿ 'ಸ್ಪ್ಯಾಡ್', ಒಂದು ವಿಚಿತ್ರ ಪ್ರಾಣಿ. ಕಾಗದದ ಮೇಲೆ ತಾತ್ಕಾಲಿಕ ಸರ್ಕಾರಿ ನೌಕರ. ಸಂಬಳ ಬೊಕ್ಕಸದಿಂದ. ಕಡತ ನೋಡುತ್ತಾನೆ, ಅಧಿಕಾರಿಗಳಿಗೆ ಸಚಿವರ ಮನಸ್ಸು ಹೇಳುತ್ತಾನೆ. ಆದರೆ ಉಳಿದ ನೌಕರರಿಗೆ ಇರುವ ಅರ್ಹತೆ ಆಧಾರಿತ ಬಹಿರಂಗ ಸ್ಪರ್ಧೆಯಿಂದ ಅವನಿಗೆ ವಿನಾಯಿತಿ. ಜಾಹೀರಾತು ಬೇಕಿಲ್ಲ, ಸಂದರ್ಶನ ಬೇಕಿಲ್ಲ. ಸಚಿವರು ಹೆಸರು ಹೇಳಿದರೆ ಮುಗಿಯಿತು. ಮತದಾರನೂ ಕೇಳುವುದಿಲ್ಲ, ನೇಮಕಾತಿ ಮಂಡಳಿಯೂ ಕೇಳುವುದಿಲ್ಲ.

2011ರಲ್ಲಿ ಗಲಾಟೆ ಎದ್ದಾಗ ಹಣಕಾಸು ಸಚಿವರಾಗಿದ್ದವರು ಬ್ರಿಟನ್ ಪರವಾದ ಡಿಯುಪಿ ಪಕ್ಷದ ಸ್ಯಾಮಿ ವಿಲ್ಸನ್. ಸಲಹೆಗಾರರಿಗೂ ಉಳಿದ ನೌಕರರಷ್ಟೇ ಪೂರ್ವಾಪರ ಪರಿಶೀಲನೆ ಆಗಬೇಕು ಅಂತ ಅವರು ಮಾರ್ಗಸೂಚಿ ಹೊರಡಿಸಿದರು. ಮಾರ್ಗಸೂಚಿಯ ಹಣೆಬರಹ ಏನೆಂದರೆ ಅದಕ್ಕೆ ಕಾನೂನಿನ ಹಲ್ಲಿಲ್ಲ. ನೀ ಖೂಲಿನ್ ಅವರ ಪಕ್ಷ, ಐಆರ್‌ಎಗೆ ಹತ್ತಿರದ ಶಿನ್ ಫೇನ್ ಅದನ್ನು ಒಪ್ಪಲಿಲ್ಲ. 2012ರಲ್ಲಿ ಮಕಾರ್ಡಲ್ ಆ ಹುದ್ದೆಯಿಂದ ಪಕ್ಷದ ಬೇರೆ ಕೆಲಸಕ್ಕೆ ಹೋದರು, ಆದರೆ ಪ್ರಶ್ನೆ ಅಲ್ಲೇ ಕೂತಿತ್ತು.

ತುಂಗಾತೀರ

ಕರಡುಪ್ರತಿ ಅವರೇ, ತಿದ್ದಿದ್ದಕ್ಕೆ ಧನ್ಯವಾದ, 'ಕ್ಷಮಾದಾನ' ವಾಪಸ್. ಇನ್ನು ಕಾಯಿದೆಯ ಹೂರಣಕ್ಕೆ ಬನ್ನಿ. ಒಬ್ಬನೇ ಒಬ್ಬ ಶಾಸಕನಿದ್ದ ಪಕ್ಷ ಇಂಥ ಕಾನೂನು ಪಾಸು ಮಾಡಿಸಿದ್ದಾದರೂ ಹೇಗೆ?

ಕರಡುಪ್ರತಿ

ಗಣಿತದಿಂದ.

ಬ್ರಿಟನ್ ಪರವಾದ ಟಿಯುವಿ ಪಕ್ಷದ ಆಗಿನ ಏಕೈಕ ಶಾಸಕ ಜಿಮ್ ಅಲಿಸ್ಟರ್, ವೃತ್ತಿಯಿಂದ ಬ್ಯಾರಿಸ್ಟರ್. 2012ರಲ್ಲಿ ಖಾಸಗಿ ಸದಸ್ಯರ ಮಸೂದೆಯಾಗಿ ಇದನ್ನು ತಂದರು. ಉತ್ತರ ಐರ್ಲೆಂಡಿನ ಸ್ಟಾರ್ಮಂಟ್ ವಿಧಾನಸಭೆಯಲ್ಲಿ ಆಗ 108 ಸದಸ್ಯರು. ಅಲ್ಲಿ 'ಪೆಟಿಷನ್ ಆಫ್ ಕನ್ಸರ್ನ್' ಅಂತ ಒಂದು ಅಸ್ತ್ರವಿದೆ. ಆಗಿನ ನಿಯಮದಂತೆ 30 ಶಾಸಕರು ಸಹಿ ಹಾಕಿದರೆ ಬರೀ ಬಹುಮತ ಸಾಲುತ್ತಿರಲಿಲ್ಲ, ಯೂನಿಯನಿಸ್ಟ್ (ಬ್ರಿಟನ್ ಜೊತೆ ಇರಬೇಕೆನ್ನುವ) ಮತ್ತು ನ್ಯಾಷನಲಿಸ್ಟ್ (ಐರ್ಲೆಂಡ್ ಒಂದಾಗಬೇಕೆನ್ನುವ) ಎರಡೂ ಬಣಗಳ ಬೆಂಬಲ ಬೇಕಾಗುತ್ತಿತ್ತು. ಒಂದು ಬಣ ಇನ್ನೊಂದನ್ನು ತುಳಿಯದಿರಲಿ ಅಂತ ಇಟ್ಟ ಏರ್ಪಾಟು. ಶಿನ್ ಫೇನ್ ಬಳಿ ಇದ್ದದ್ದು 29. ಇನ್ನೊಂದೇ ಸಹಿ ಬೇಕಿತ್ತು, ಅದು ಸಿಗಬಹುದಾದ ಜಾಗ 14 ಶಾಸಕರ ಎಸ್‌ಡಿಎಲ್‌ಪಿ. ಹಿಂಸೆಯನ್ನು ಮೊದಲಿನಿಂದಲೂ ವಿರೋಧಿಸಿದ ನ್ಯಾಷನಲಿಸ್ಟ್ ಪಕ್ಷ ಅದು, ಆದರೂ ಮಸೂದೆಯ ಬಗ್ಗೆ ಅವರಿಗೂ ತಕರಾರಿತ್ತು. ಆನ್ ಟ್ರಾವರ್ಸ್ ಹೋಗಿ ಅವರನ್ನು ಕಂಡರು. ಹೆಚ್ಚಿನ ನ್ಯಾಷನಲಿಸ್ಟರ ಹಾಗೆ ಆನ್ ಅವರ ಕುಟುಂಬವೂ ಕ್ಯಾಥೊಲಿಕ್ ಅನ್ನುವುದು ಇಲ್ಲಿ ಮುಖ್ಯ, ಇದು ಬರೀ ಯೂನಿಯನಿಸ್ಟರ ಹಟ ಅಂತ ತಳ್ಳಿಹಾಕಲು ಬರುತ್ತಿರಲಿಲ್ಲ. ಕೊನೆಗೆ ಎಸ್‌ಡಿಎಲ್‌ಪಿ ಸಹಿ ಹಾಕಲಿಲ್ಲ, ಮತವನ್ನೂ ಹಾಕಲಿಲ್ಲ. 2013ರ ಜೂನ್ 3ರಂದು 56–28ರಲ್ಲಿ ಪಾಸಾಯಿತು.

ಹೂರಣ ಹೀಗಿದೆ. ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಜೈಲು ಶಿಕ್ಷೆ ವಿಧಿಸಲ್ಪಟ್ಟವರು ಸಲಹೆಗಾರರಾಗಲು ಅನರ್ಹರು. ಗಮನಿಸಿ, ಅನುಭವಿಸಿದ್ದಲ್ಲ, ವಿಧಿಸಿದ್ದು. ಕಾಯಿದೆ ಬಂದ ದಿನ ಆಗಲೇ ಹುದ್ದೆಯಲ್ಲಿದ್ದವರಿಗೂ ಅನ್ವಯ. ಅನರ್ಹರಾದವರು ಒಂದು ಪರಿಶೀಲನಾ ಮಂಡಳಿಗೆ ಹೋಗಬಹುದು. 'ಅಸಾಧಾರಣ ಸಂದರ್ಭ' ಇದೆ ಅಂತ ಮನವರಿಕೆಯಾದರೆ ಮಾತ್ರ ಮಂಡಳಿ ಬಾಗಿಲು ತೆಗೆಯಬಹುದು. ಅದಕ್ಕೆ ಮೂರು ಅಳತೆಗೋಲು: ಆ ಅಪರಾಧಕ್ಕೆ ಪಶ್ಚಾತ್ತಾಪ ತೋರಿಸಿದ್ದಾನೆಯೇ, ಅದರಲ್ಲಿ ಭಾಗಿಯಾದ ಉಳಿದವರನ್ನು ಗುರುತಿಸಿ ಶಿಕ್ಷೆಗೊಳಪಡಿಸಲು ಪೊಲೀಸರಿಗೆ ತನ್ನಿಂದಾದ ನೆರವನ್ನೆಲ್ಲ ಕೊಟ್ಟಿದ್ದಾನೆಯೇ, ಸಂತ್ರಸ್ತರು, ಅವರು ಸತ್ತಿದ್ದರೆ ಹತ್ತಿರದ ಬಂಧುಗಳು, ಏನನ್ನುತ್ತಾರೆ.

ಮೂರನೆಯದನ್ನು ಎರಡು ಸಲ ಓದಿ. ಸಂತ್ರಸ್ತರಿಗೆ ವೀಟೊ ಕೊಟ್ಟಿಲ್ಲ. ಅವರ ಮಾತನ್ನು ಮಂಡಳಿ ಗಣನೆಗೆ ತೆಗೆದುಕೊಳ್ಳಬೇಕು, ಅಷ್ಟೇ. ಆದರೆ 1998ರ ಬಿಡುಗಡೆಯಲ್ಲಿ ಅವರ ಒಪ್ಪಿಗೆಗೆ ಯಾವ ತೂಕವೂ ಇರಲಿಲ್ಲ ಅನ್ನುವುದರ ಪಕ್ಕ ಇಟ್ಟರೆ ಇದು ದೊಡ್ಡ ಜಿಗಿತ.

ಕಡಲಮನೆ

ಜಿಗಿತ ಹೌದು ಮಾರಾಯ್ರೆ, ಆದರೆ ಎರಡನೆಯ ಅಳತೆಗೋಲಿನಲ್ಲಿ ಕಾಲು ಮುರಿದುಕೊಳ್ಳುವ ಜಿಗಿತ.

ಸಂಗಡಿಗರ ಹೆಸರು ಪೊಲೀಸರಿಗೆ ಹೇಳುವುದು ಅಂದರೆ ಐಆರ್‌ಎ ಪರವಾದ ರಿಪಬ್ಲಿಕನ್ ಕೇರಿಗಳಲ್ಲಿ ಏನು ಗೊತ್ತುಂಟಾ? ಅಂಥವನಿಗೆ ಅಲ್ಲಿ 'ಟೌಟ್' ಅಂತಾರೆ. ಐಆರ್‌ಎ ಎಷ್ಟೋ ಜನರನ್ನು ಕೊಂದದ್ದು, ಕೆಲವರನ್ನು ಗುಟ್ಟಾಗಿ ಹೂತದ್ದು ಇದೇ ಆರೋಪ ಹೊರಿಸಿ. ಈ ಷರತ್ತನ್ನು ಪೂರೈಸಿದವನನ್ನು ಶಿನ್ ಫೇನ್ ಸಲಹೆಗಾರ ಮಾಡುವುದಿಲ್ಲ, ಪೂರೈಸದವನನ್ನು ಮಂಡಳಿ ಬಿಡುವುದಿಲ್ಲ. ಬಾಗಿಲು ಉಂಟು ಅಂತ ಗೋಡೆ ಮೇಲೆ ಚಿತ್ರ ಬರೆದ ಹಾಗೆ.

ಪಶ್ಚಾತ್ತಾಪದ ಷರತ್ತೂ ಹಾಗೇ ಜಾರುತ್ತದೆ. ಮೇರಿ ಟ್ರಾವರ್ಸ್ ಸತ್ತದ್ದು ದುರಂತದ ತಪ್ಪು, ಅದಕ್ಕೆ ವಿಷಾದವಿದೆ ಅನ್ನುವ ಅರ್ಥದಲ್ಲಿ ಮಕಾರ್ಡಲ್ 2011ರಲ್ಲೇ ಹೇಳಿದ್ದರು. ಕುಟುಂಬಕ್ಕೆ ಅದು ಸಾಕೆನಿಸಲಿಲ್ಲ. ಯಾಕೆ ಅಂತ ನೋಡಿ: ಮಗಳು ಸತ್ತದ್ದು 'ತಪ್ಪು' ಅಂದರೆ ಅಪ್ಪನಿಗೆ ಆರು ಗುಂಡು ಹೊಡೆದದ್ದು ಸರಿ ಅಂತ ಆಯಿತಲ್ಲ? ಅಮ್ಮನ ತಲೆಗೆ ಗುರಿಯಿಟ್ಟ ಬಂದೂಕು ಸಿಡಿಯಲಿಲ್ಲ ಅಂತ ಆ ತಂದೆಯೇ ಬರೆದಿದ್ದಾರೆ. ವಿಷಾದ ಯಾವುದಕ್ಕೆ, ಎಷ್ಟರ ಮಟ್ಟಿಗೆ ಅಂತ ಅಳೆಯುವ ತಕ್ಕಡಿ ಯಾವ ಮಂಡಳಿಯ ಹತ್ತಿರವೂ ಇಲ್ಲ.

ಹುಬ್ಬಳ್ಳಿ ಹೈದ

ಮತ್ತ ಹುದ್ದೆ ಕಳಕೊಂಡಾವ್ರು ಯಾರರ ಅದಾರೇನು?

ಕಡಲಮನೆ

ಉಂಟು. ಆಗಿನ ಉಪ ಮುಖ್ಯಮಂತ್ರಿ, ಶಿನ್ ಫೇನ್‌ನ ಮಾರ್ಟಿನ್ ಮಗಿನೆಸ್‌ರ ಸಲಹೆಗಾರ ಪಾಲ್ ಕ್ಯಾವನಾ. 1981ರ ಲಂಡನ್ ಬಾಂಬುಗಳ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾಗಿ, ಒಪ್ಪಂದದಡಿ 1999ರಲ್ಲಿ ಹೊರಬಂದವರು. ಕಾಯಿದೆ ಜಾರಿಯಾದ ಮೇಲೆ ಅವರು ಹೋಗಬೇಕಾಯಿತು. ಮಗಿನೆಸ್ ಸ್ವತಃ ಐಆರ್‌ಎಯಲ್ಲಿ ಇದ್ದೆ ಅಂತ ಬಾಯಿಬಿಟ್ಟು ಹೇಳಿದವರು, 1970ರ ದಶಕದಲ್ಲಿ ಐರಿಷ್ ಗಣರಾಜ್ಯದಲ್ಲಿ ಜೈಲಿಗೂ ಹೋಗಿದ್ದರು. ಅವರ ಕುರ್ಚಿ ಅಲುಗಲಿಲ್ಲ.

ಇನ್ನೊಂದು ತಮಾಷೆ. ಸಲಹೆಗಾರರ ಸಂಹಿತೆ ಬರೆದು ಜಾರಿ ಮಾಡುವ ಹೊಣೆ ಹಣಕಾಸು ಇಲಾಖೆಯದು. 2020ರ ಜನವರಿಯಲ್ಲಿ ಆ ಇಲಾಖೆಯ ಸಚಿವರಾದದ್ದು ಕಾನರ್ ಮರ್ಫಿ. 1982ರಲ್ಲಿ ಐಆರ್‌ಎ ಸದಸ್ಯತ್ವ ಮತ್ತು ಸ್ಫೋಟಕ ಇಟ್ಟುಕೊಂಡದ್ದಕ್ಕೆ ಅವರಿಗೆ ಆದ ಶಿಕ್ಷೆ ಐದು ವರ್ಷ. ಅಂದರೆ ತಮ್ಮದೇ ಇಲಾಖೆಯಲ್ಲಿ ಅವರು ಸಚಿವರಾಗಬಹುದಿತ್ತು, ಸಲಹೆಗಾರರಾಗುವಂತಿರಲಿಲ್ಲ.

ನೀಲಿಶಾಯಿ

ಐದು ವರ್ಷದ ಗೆರೆಗೆ ಇನ್ನೂ ಆಳದ ದೋಷವಿದೆ. ಅದು ಸಿಕ್ಕಿಬಿದ್ದವರನ್ನು ಮಾತ್ರ ಹಿಡಿಯುತ್ತದೆ. ಟ್ರಾವರ್ಸ್ ಕೊಲೆಯಲ್ಲಿ ಶಿಕ್ಷೆಯಾದದ್ದು ಒಬ್ಬರಿಗೇ, ಬಂದೂಕು ಹೊತ್ತವಳಿಗೆ. ಗುಂಡು ಹಾರಿಸಿದವರಿಗೆ ಆಗಲಿಲ್ಲ. ಆಜ್ಞೆ ಕೊಟ್ಟವನು ನಾಳೆ ಸಲಹೆಗಾರನಾಗಲು ಅರ್ಜಿ ಹಾಕಿದರೆ ಈ ಕಾಯಿದೆಯಡಿ ಅವನ ದಾಖಲೆ ಬಿಳಿ ಹಾಳೆ. ಪಾಪದ ಅಳತೆ ಅಂದುಕೊಂಡು ನಾವು ಪೊಲೀಸರ ಅದೃಷ್ಟವನ್ನು ಅಳೆಯುತ್ತಿದ್ದೇವೆ.

ನುಸುಳುವ ದಾರಿಯೂ ಬೇಗನೆ ಸಿಕ್ಕಿತು. ಕಾಯಿದೆ ತಡೆಯುವುದು ಬೊಕ್ಕಸದಿಂದ ಸಂಬಳ ಪಡೆಯುವ ನೇಮಕವನ್ನು. ಪಕ್ಷವೇ ಸಂಬಳ ಕೊಟ್ಟರೆ? ನವೀಕರಿಸಬಹುದಾದ ಶಾಖದ ಸಬ್ಸಿಡಿ ಹಗರಣದ (ಬೂದಿಗೂ ಕಾಸು ಅಂತ ಕುಖ್ಯಾತಿಯಾದ ಆರ್‌ಎಚ್‌ಐ) ತನಿಖೆ ನಡೆದಾಗ ಇದು ಹೊರಬಿತ್ತು: ಶಿನ್ ಫೇನ್‌ನಲ್ಲಿ ಅಧಿಕೃತ ಸಲಹೆಗಾರರ ಮೇಲೆ, ಪಕ್ಷದ ಸಂಬಳದಲ್ಲಿ, ಯಾವ ಸರ್ಕಾರಿ ಸಂಹಿತೆಗೂ ಸಿಗದೆ ಕೂತವರಿದ್ದರು. ಪತ್ರಿಕೆಗಳು 'ಸೂಪರ್ ಸ್ಪ್ಯಾಡ್' ಅಂದವು. ನೇಮಕಪತ್ರ ಇದ್ದಾಗ ಕನಿಷ್ಠ ಸಂಹಿತೆ ಅನ್ವಯವಾಗುತ್ತಿತ್ತು, ಶಿಸ್ತುಕ್ರಮ ಸಾಧ್ಯವಿತ್ತು. ಕಾಯಿದೆ ಬಂದು ಅದೇ ಜನರನ್ನು ಬೆಳಕಿನಿಂದ ಕತ್ತಲೆಗೆ ತಳ್ಳಿತು. ಅದೇ ಅಲಿಸ್ಟರ್ 2021ರಲ್ಲಿ ಎರಡನೇ ಕಾಯಿದೆ ತಂದು ಸಲಹೆಗಾರರ ಕೆಲಸವನ್ನು ಹಿಂಬಾಗಿಲಿನಿಂದ ಬೇರೆಯವರು ಮಾಡದಂತೆ ಬಿಗಿ ಮಾಡಿದರು. ಎಂಟು ವರ್ಷ ತಡವಾಗಿ.

ಮುಂಗಾರುಮನೆ

ಇಷ್ಟು ಹೊತ್ತು ಬರೀ ಬಂದೂಕು ಗುಂಪುಗಳ ಮಾಜಿ ಕೈದಿಗಳ ಬಗ್ಗೆ ಮಾತಾಯಿತು. ಪೀಟರ್ ಮಕ್‌ಬ್ರೈಡ್ ಪ್ರಕರಣ ಇಲ್ಲದೆ ಈ ಚರ್ಚೆ ಅರ್ಧಂಬರ್ಧ.

1992ರ ಸೆಪ್ಟೆಂಬರ್ 4. ಉತ್ತರ ಬೆಲ್‌ಫಾಸ್ಟ್‌ನ ನ್ಯೂ ಲಾಡ್ಜ್ ಬಡಾವಣೆ. ಬ್ರಿಟಿಷ್ ಸೇನೆಯ ಸ್ಕಾಟ್ಸ್ ಗಾರ್ಡ್ಸ್ ದಳದ ಇಬ್ಬರು ಸೈನಿಕರು 18 ವರ್ಷದ, ನಿರಾಯುಧ ಹುಡುಗನನ್ನು ಬೆನ್ನಿಗೆ ಗುಂಡು ಹೊಡೆದು ಕೊಂದರು. 1995ರಲ್ಲಿ ಕೊಲೆ ಸಾಬೀತಾಗಿ ಜೀವಾವಧಿ ಶಿಕ್ಷೆ. 1998ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ. ಅದೇ ನವೆಂಬರ್‌ನಲ್ಲಿ ಸೇನಾ ಮಂಡಳಿ ಇಬ್ಬರನ್ನೂ ಸೈನ್ಯದಲ್ಲೇ ಉಳಿಸಿಕೊಂಡಿತು!

ಈಗ ನಿಯಮ ನೋಡಿ. ಜೈಲು ಶಿಕ್ಷೆಯಾದ ಸೈನಿಕನನ್ನು ತೆಗೆದುಹಾಕಬೇಕು, 'ಅಸಾಧಾರಣ ಸಂದರ್ಭ' ಇದ್ದರೆ ಮಾತ್ರ ಬೇರೆ ಮಾತು. ಕರಡುಪ್ರತಿ ಅವರು ಮೇಲೆ ಹೇಳಿದ ಕಾಯಿದೆಯಲ್ಲೂ ಅದೇ ಎರಡು ಶಬ್ದ. ಹುಡುಗನ ತಾಯಿ ಜೀನ್ ಮಕ್‌ಬ್ರೈಡ್ ಕೋರ್ಟಿಗೆ ಹೋದರು. ಮೊದಲ ನಿರ್ಧಾರ ರದ್ದಾಯಿತು, ಎರಡನೇ ಸೇನಾ ಮಂಡಳಿ ಮತ್ತೆ ಅದನ್ನೇ ಹೇಳಿತು. ಸೇನೆ ಕೊಟ್ಟ ಕಾರಣಗಳು ಅಸಾಧಾರಣ ಅನ್ನಿಸಿಕೊಳ್ಳುವಂಥವಲ್ಲ ಅಂತ 2003ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು, ಆದರೆ ಅವರನ್ನು ತೆಗೆಯಿರಿ ಅಂತ ಆದೇಶಿಸಲಿಲ್ಲ. ಅವರು ಉಳಿದರು.

ಮೇರಿಯ ತಂಗಿಗೂ ಪೀಟರನ ತಾಯಿಗೂ ಒಂದೇ ತಕರಾರು: ನಮ್ಮವರನ್ನು ಕೊಂದ ಅಂತ ಕೋರ್ಟು ಹೇಳಿದ ಮನುಷ್ಯನಿಗೆ ಸರ್ಕಾರ ಸಂಬಳ ಕೊಡುತ್ತಿದೆ. ಒಬ್ಬರ ತಕರಾರು ಎರಡು ವರ್ಷದಲ್ಲಿ ಕಾನೂನಾಯಿತು. ಇನ್ನೊಬ್ಬರ ತಕರಾರಿಗೆ ಗೆದ್ದ ತೀರ್ಪು ಕೈಯಲ್ಲಿದ್ದರೂ ಫಲವಿಲ್ಲ. ಸಂತ್ರಸ್ತರ ಹಕ್ಕು ಅಂತ ನಿಜವಾಗಿ ನಂಬುವವರು ಎರಡೂ ಕಡೆ ಒಂದೇ ದನಿಯಲ್ಲಿ ಮಾತಾಡಬೇಕಿತ್ತು. ಅಂಥವರು ಎರಡೂ ಬಣಗಳಲ್ಲಿ ಬೆರಳೆಣಿಕೆ.

ತುಂಗಾತೀರ

ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹಾಗಿದ್ದರೆ ಕಾನೂನಿನ ದೃಷ್ಟಿಯಲ್ಲಿ 'ಸಂತ್ರಸ್ತ' ಯಾರು? ಎಲ್ಲಾದರೂ ವ್ಯಾಖ್ಯೆ ಇದೆಯೇ?

ಕರಡುಪ್ರತಿ

ಇದೆ, ಮತ್ತು ಅದು ಅಲ್ಲಿನ ಅತಿ ಬಿಸಿಯಾದ ಕಾಗದ. 2006ರ ಸಂತ್ರಸ್ತರ ಆದೇಶದ 3ನೇ ವಿಧಿ. ಸಂಘರ್ಷದ ಘಟನೆಯಿಂದ ದೇಹಕ್ಕೋ ಮನಸ್ಸಿಗೋ ಗಾಯವಾದವರು, ಅಂಥವರನ್ನು ನಿಯಮಿತವಾಗಿ ಆರೈಕೆ ಮಾಡುವವರು, ಸಾವಿನಿಂದ ತಮ್ಮವರನ್ನು ಕಳೆದುಕೊಂಡವರು. ತಪ್ಪು ಯಾರದು ಅಂತ ವಿಧಿ ಕೇಳುವುದೇ ಇಲ್ಲ. 1993ರ ಅಕ್ಟೋಬರ್ 23ರಂದು ಶಾಂಕಿಲ್ ರಸ್ತೆಯ ಮೀನಿನಂಗಡಿಗೆ ಬಾಂಬ್ ಹೊತ್ತುಕೊಂಡು ಹೋದ ಥಾಮಸ್ ಬೆಗ್ಲಿ, ಅದು ಬೇಗ ಸಿಡಿದು, ಒಂಬತ್ತು ಜನರ ಜೊತೆ ತಾನೂ ಸತ್ತ. ಆ ಒಂಬತ್ತು ಜನರ ಮನೆಯವರೂ ಬೆಗ್ಲಿಯ ಮನೆಯವರೂ ಈ ವ್ಯಾಖ್ಯೆಯಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಮಗನನ್ನು ಕಳೆದುಕೊಂಡ ತಾಯಿಯ ಹೊಟ್ಟೆ ಉರಿಯಲ್ಲಿ ವ್ಯತ್ಯಾಸ ಇಲ್ಲ ಅನ್ನುವುದು ಒಂದು ವಾದ, ಆಪ್ತಸಮಾಲೋಚನೆಗೆ, ಔಷಧಿಗೆ ಆ ವಾದ ಸರಿ. ದುಡ್ಡು ಬಂದ ಕೂಡಲೇ ಮುರಿದುಬೀಳುತ್ತದೆ. 2009ರ ಜನವರಿಯಲ್ಲಿ ಈಮ್ಸ್–ಬ್ರಾಡ್ಲಿ ಸಮಿತಿ ಸತ್ತವರ ಪ್ರತಿ ಕುಟುಂಬಕ್ಕೂ, ಯಾರೇ ಇರಲಿ, 12,000 ಪೌಂಡ್ ಕೊಡಿ ಅಂತ ಶಿಫಾರಸು ಮಾಡಿತು. ವರದಿ ಬಿಡುಗಡೆಯ ಸಭಾಂಗಣದಲ್ಲೇ ಕೂಗಾಟವಾಯಿತು. ಆ ಒಂದು ಸಾಲಿನಿಂದ ವರದಿಯ ಉಳಿದ ಒಳ್ಳೆಯ ಶಿಫಾರಸುಗಳೂ ಮುಳುಗಿದವು.

ಹಾಗಾಗಿ 2020ರ ಪಿಂಚಣಿ ನಿಯಮಗಳಲ್ಲಿ ಬೇರೆ ಜರಡಿ ಹಾಕಿದರು. ಘಟನೆ 1966ರ ಜನವರಿ 1ರಿಂದ 2010ರ ಏಪ್ರಿಲ್ 12ರ ನಡುವಿನದಾಗಿರಬೇಕು. ಗಾಯ ಶಾಶ್ವತವಾಗಿರಬೇಕು, ಅಂಗವೈಕಲ್ಯ ಕನಿಷ್ಠ 14 ಪ್ರತಿಶತ, ಮಾನಸಿಕ ಆಘಾತವೂ ಲೆಕ್ಕಕ್ಕೆ. ತನ್ನ ತಪ್ಪಿಲ್ಲದೆ ಗಾಯಗೊಂಡಿರಬೇಕು. ಅದೇ ಘಟನೆಯಲ್ಲಿ ಅಪರಾಧಿ ಅಂತ ಸಾಬೀತಾದವನಿಗೆ ಇಲ್ಲ, ಬೇರೆ ಪ್ರಕರಣದಲ್ಲಿ ದೊಡ್ಡ ಶಿಕ್ಷೆಯಾಗಿದ್ದರೆ ಮಂಡಳಿ ತೂಗಿ ನೋಡುತ್ತದೆ. ಸಿಗುವುದು ಆರಂಭದ ದರದಲ್ಲಿ ವರ್ಷಕ್ಕೆ 2,000ದಿಂದ 10,000 ಪೌಂಡ್. 60 ದಾಟಿದವರು ಹತ್ತು ವರ್ಷದ್ದನ್ನು ಒಟ್ಟಿಗೇ ತೆಗೆದುಕೊಳ್ಳಬಹುದು.

ನೀಲಿಶಾಯಿ

ಅದು ಜಾರಿಯಾದ ರೀತಿಯನ್ನೂ ಬರೆಯಬೇಕು. ನಿಯಮ ಬಂತು, ಆದರೆ ಯಾವ ಇಲಾಖೆ ನಡೆಸಬೇಕು ಅಂತ ಹೆಸರಿಸುವುದು ಮುಖ್ಯಮಂತ್ರಿ–ಉಪ ಮುಖ್ಯಮಂತ್ರಿಗಳ ಜಂಟಿ ಕಚೇರಿಯ ಕೆಲಸ. ಜರಡಿ ಮಾಜಿ ಕೈದಿಗಳ ವಿರುದ್ಧ ತಾರತಮ್ಯ ಮಾಡುತ್ತದೆ ಅಂತ ಶಿನ್ ಫೇನ್ ಹೆಸರಿಸಲು ಒಪ್ಪಲಿಲ್ಲ. ಒಂದು ಸಹಿಗಾಗಿ ಕಾಲಿಲ್ಲದವರು, ಕಣ್ಣಿಲ್ಲದವರು ತಿಂಗಳುಗಟ್ಟಲೆ ಕಾದರು. 2020ರ ಆಗಸ್ಟ್ 21ರಂದು ಬೆಲ್‌ಫಾಸ್ಟ್ ಹೈಕೋರ್ಟು ಆ ಕಚೇರಿ ಕಾನೂನುಬಾಹಿರವಾಗಿ ನಡೆದುಕೊಳ್ಳುತ್ತಿದೆ ಅಂತ ಖಡಾಖಂಡಿತವಾಗಿ ಹೇಳಿದ ಮೇಲೆ ನ್ಯಾಯ ಇಲಾಖೆಯನ್ನು ಹೆಸರಿಸಿದರು. ಅರ್ಜಿ ತೆಗೆದುಕೊಳ್ಳಲು ಶುರುವಾದದ್ದು 2021ರ ಆಗಸ್ಟ್ 31ಕ್ಕೆ. ಆಫೀಸುಗಳಲ್ಲಿ ಹಕ್ಕು ಸಾಯುವುದು ಹೀಗೇ, 'ಇಲ್ಲ' ಅಂತ ಬರೆದು ಅಲ್ಲ, ಯಾರ ಮೇಜಿಗೂ ಕಡತ ಕಳಿಸದೆ.

ಹುಬ್ಬಳ್ಳಿ ಹೈದ

ಮಂತ್ರಿ, ಸಲಹೆಗಾರ ಎಲ್ಲಾ ದೊಡ್ಡವರ ಮಾತಾತು. ಹಂಗ ಹೊರಗ ಬಂದ ಸಾದಾ ಮನಷ್ಯಾಗ ಕೆಲಸ ಸಿಗ್ತದೇನ್ರಿ?

ಮುಂಗಾರುಮನೆ

ಕೇಳಬೇಕಾದ ಪ್ರಶ್ನೆ. ಸಂಘರ್ಷದ ಕಾರಣಕ್ಕೆ ಜೈಲಿಗೆ ಹೋದವರು 15,000ದಿಂದ 30,000 ಅಂತ ಅಂದಾಜು. ಅವರಲ್ಲಿ ಸಲಹೆಗಾರ ಹುದ್ದೆಯ ಕನಸು ಕಂಡವರು ಕೈಬೆರಳಷ್ಟು. ಉಳಿದವರಿಗೆ ಟ್ಯಾಕ್ಸಿ ಲೈಸೆನ್ಸು, ಮನೆ ವಿಮೆ, ಅಮೆರಿಕದ ವೀಸಾ, ದತ್ತು, ಎಲ್ಲದರ ಅರ್ಜಿಯಲ್ಲೂ 'ಹಿಂದೆ ಶಿಕ್ಷೆಯಾಗಿದೆಯೇ' ಅನ್ನುವ ಆ ಒಂದು ಖಾನೆ ಎದುರಾಗುತ್ತದೆ. 30 ತಿಂಗಳ ಗೆರೆ ದಾಟಿದ್ದರೆ 18ನೇ ವಯಸ್ಸಿನ ಕೇಸನ್ನು 65ರಲ್ಲೂ ಬರೆಯಬೇಕು.

2007ರಲ್ಲಿ ಸರ್ಕಾರವೇ ಉದ್ಯೋಗದಾತರಿಗೆ ಒಂದು ಮಾರ್ಗದರ್ಶಿ ಕೊಟ್ಟಿತು: 1998ಕ್ಕಿಂತ ಹಿಂದಿನ ಸಂಘರ್ಷದ ಶಿಕ್ಷೆ ಆ ಕೆಲಸಕ್ಕೆ ನೇರ ಸಂಬಂಧಪಡದಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಆದರೆ ಪಾಲಿಸಲೇಬೇಕಾದ್ದಲ್ಲ. ಕಾನೂನು ಇದ್ದದ್ದು ಇನ್ನೊಂದು ದಿಕ್ಕಿಗೆ. 1998ರ ನ್ಯಾಯಯುತ ಉದ್ಯೋಗ ಆದೇಶ ರಾಜಕೀಯ ಅಭಿಪ್ರಾಯದ ಮೇಲೆ ತಾರತಮ್ಯ ಮಾಡಬಾರದು ಅನ್ನುತ್ತದೆ, ಆದರೆ ಉತ್ತರ ಐರ್ಲೆಂಡಿನ ವಿಷಯದಲ್ಲಿ ಹಿಂಸೆಯನ್ನು ಒಪ್ಪುವ ಅಭಿಪ್ರಾಯಕ್ಕೆ ಆ ರಕ್ಷಣೆ ಇಲ್ಲ. ಮನೆಯಿಲ್ಲದವರಿಗೆ ಆಸರೆ ಕೊಡುವ ಸಂಸ್ಥೆಯೊಂದರಲ್ಲಿ ಕೆಲಸ ನಿರಾಕರಿಸಲ್ಪಟ್ಟ ಇಬ್ಬರು ಮಾಜಿ ಕೈದಿಗಳು ಇದನ್ನು ಹಿಡಿದು 2009ರಲ್ಲಿ ಆಗಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋದರು. ಈಗ ಹಿಂಸೆ ಒಪ್ಪುವುದಿಲ್ಲ ಅನ್ನುವುದು ಅವರ ವಾದ. ಹಿಂದೆ ಒಪ್ಪಿದ್ದಕ್ಕೇ ನಿರಾಕರಿಸಿದ್ದರೆ ಅದೂ ರಕ್ಷಣೆಯ ಹೊರಗೇ ಅಂತ ತೀರ್ಪು ಬಂತು.

ಅದಕ್ಕೇ ನನಗೆ 2013ರ ಕಾಯಿದೆ ಮೇಲಿನ ಕೂಗಾಟ ಎರಡೂ ಕಡೆ ಸ್ವಲ್ಪ ನಾಟಕದಂತೆ ಕಾಣುತ್ತದೆ. ಟ್ಯಾಕ್ಸಿ ಓಡಿಸುವವನ ಖಾನೆ ಯಾರೂ ಅಳಿಸಲಿಲ್ಲ.

ತುಂಗಾತೀರ

ನನಗೆ ಕೊನೆಗೂ ಕಾಡುವುದು ಮೊದಲ ದಿನ. ಆನ್ ಟ್ರಾವರ್ಸ್‌ಗೆ ಸುದ್ದಿ ಮಾಧ್ಯಮದಿಂದ ಸಿಕ್ಕಿತು ಅನ್ನುವುದು. ಆ ಒಂದು ದಿನವನ್ನು ಸರಿಪಡಿಸುವ ಹಾಗಿದ್ದರೆ ನಿಯಮ ಹೇಗೆ ಬರೆಯುತ್ತೀರಿ?

ಕರಡುಪ್ರತಿ

ನಿಷೇಧದ ಬದಲು ಕ್ರಮ ಬರೆಯುತ್ತೇನೆ. ಸಚಿವರು ಹೆಸರು ಕೊಡುತ್ತಾರೆ, ನೇಮಕಪತ್ರ ಹೊರಡುವುದಿಲ್ಲ. ಇಲಾಖೆ ಶಿಕ್ಷೆಯ ದಾಖಲೆ ತರಿಸುತ್ತದೆ. ಸಾವು ಅಥವಾ ದೊಡ್ಡ ಗಾಯದ ಪ್ರಕರಣವಾದರೆ ಸಂತ್ರಸ್ತರ ಆಯೋಗದ ಮೂಲಕ ಕುಟುಂಬವನ್ನು ಹುಡುಕುತ್ತದೆ. ಅಂಚೆಯಲ್ಲಿ ಕಾಗದ ಹಾಕುವುದಲ್ಲ, ಮೊದಲು 'ನಿಮಗೆ ಸಂಬಂಧಪಟ್ಟ ವಿಷಯ ಒಂದಿದೆ, ತಿಳಿಯಲು ಇಷ್ಟವೇ' ಅಂತ ಕೇಳಬೇಕು. ಬೇಡ ಅನ್ನುವ ಹಕ್ಕೂ ಹಕ್ಕೇ. ಒಂದೇ ಕುಟುಂಬದಲ್ಲಿ ಒಬ್ಬರು ತಿಳಿಯಬೇಕು ಅಂದರೆ ಇನ್ನೊಬ್ಬರು ಬೇಡ ಅನ್ನಬಹುದು, ಹಾಗಾಗಿ ಒಬ್ಬೊಬ್ಬರನ್ನೂ ಬೇರೆ ಬೇರೆ ಕೇಳಬೇಕು. ಆರು ವಾರ ಸಮಯ. ಅವರು ಬರೆದದ್ದು ಕಡತದಲ್ಲಿ ಕೂರಬೇಕು. ಅದನ್ನು ಮೀರಿ ನೇಮಿಸುವ ಸಚಿವರು ಕಾರಣವನ್ನು ಸದನದಲ್ಲಿ ತಮ್ಮ ಬಾಯಿಂದ ಹೇಳಬೇಕು. ಐದು ವರ್ಷದ ಗೆರೆ, ಪೊಲೀಸರಿಗೆ ಹೆಸರು ಹೇಳುವ ಷರತ್ತು, ಎರಡೂ ಬೇಡ.

ಕಡಲಮನೆ

ಆರು ವಾರ ಕಾದು ಕಾಗದ ಬರೆದು, ಕೊನೆಗೆ ಸಚಿವರು ಎದ್ದುನಿಂತು ನಾಲ್ಕು ವಾಕ್ಯ ಓದಿ ನೇಮಿಸಿಬಿಟ್ಟರೆ? ಆ ಕುಟುಂಬದ ಬಾಗಿಲು ತಟ್ಟಿ, ಅಭಿಪ್ರಾಯ ಕೇಳಿ, ಅದನ್ನು ತಿಪ್ಪೆಗೆ ಹಾಕಿದ ಹಾಗಾಗುವುದಿಲ್ಲವಾ ಮಾರಾಯ್ರೆ? ಕೇಳದೇ ಇರುವುದಕ್ಕಿಂತ ಅದು ಹೆಚ್ಚು ನೋಯಿಸುತ್ತದೆ.

ಕರಡುಪ್ರತಿ

ಆಗಬಹುದು. ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಕನಿಷ್ಠ ಹೇಳುವ ಕ್ರಮ ತಿರುಗಿಸಬಹುದು: ಸದನದಲ್ಲಿ ಓದುವ ಹಿಂದಿನ ದಿನ ಆ ನಾಲ್ಕು ವಾಕ್ಯ ಕುಟುಂಬದ ಕೈಗೆ. ಉತ್ತರ ಕೊಡಬೇಕೆನಿಸಿದರೆ ಅದೂ ಅದೇ ದಿನದ ನಡಾವಳಿಯಲ್ಲಿ, ಸಚಿವರ ಮಾತಿನ ಕೆಳಗೇ, ಅಚ್ಚಾಗಬೇಕು.

ತುಂಗಾತೀರ

ಮೊದಲ ಬರಹದಲ್ಲಿ 'ಕ್ಷಮಾದಾನ' ಅಂದದ್ದನ್ನು 'ಲೈಸೆನ್ಸ್ ಮೇಲೆ ಬಿಡುಗಡೆ' ಅಂತ ಓದಿಕೊಳ್ಳಿ. ಅಳಿಸುತ್ತಿಲ್ಲ, ಕರಡುಪ್ರತಿಯವರ ತಿದ್ದುಪಡಿಗೆ ಅರ್ಥ ಉಳಿಯಲಿ ಅಂತ. ಮಕ್‌ಬ್ರೈಡ್ ಪ್ರಕರಣದ ತೀರ್ಪುಗಳಿಗೆ ಬೇರೆ ಚರ್ಚೆ ತೆರೆಯುತ್ತೇನೆ. ಮುಂಗಾರುಮನೆ ಅವರೇ, 'ಅಸಾಧಾರಣ ಸಂದರ್ಭ' ಅಂತ ಸೇನಾ ಮಂಡಳಿ ಕೊಟ್ಟ ಕಾರಣಗಳನ್ನು ನೀವೇ ಅಲ್ಲಿ ಮೊದಲು ಬರೆಯಿರಿ.